ಒಂದು ಫೇಸಿನ ವಿದ್ಯುತ್ತಿನಿಂದ ಮೂರು ಫೇಸಿನ ಮೋಟಾರನ್ನು ನಡೆಸುವ ಕ್ರಮ

ತಿರುಗುವ ಫೇಸ್ ಕನ್ವರ್ಟರಿನ ಜೋಡಣೆ ಮತ್ತು ದೋಷಪರಿಹಾರ

ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆಯ ಸೀಮೆಯು ವಿದ್ಯುಚ್ಛಕ್ತಿಯ ತವರೆಂದರೆ ಅತಿಶಯೋಕ್ತಿಯಾಗಲಾರದು. ವಾರಾಹಿ ನದಿಗೆ ಮಾಣಿಯಲ್ಲಿ ಅಣೆಕಟ್ಟನ್ನು ಕಟ್ಟಿ ನಿಲ್ಲಿಸಿದ ನೀರು ಘಟ್ಟದ ಒಡಲೊಳಗೆ ಇಳಿದು, ಹೊಸಂಗಡಿಯ ಬಳಿಯ ಭೂಗರ್ಭ ವಿದ್ಯುದಾಗಾರದಲ್ಲಿ ಯಂತ್ರಗಳನ್ನು ತಿರುಗಿಸುತ್ತದೆ. 1989ರಲ್ಲಿ ಕೆಲಸಕ್ಕೆ ತೊಡಗಿದ ಈ ಆಗಾರದಲ್ಲಿ ಈಗ 115 ಮೆಗಾವಾಟಿನ ನಾಲ್ಕು ಯಂತ್ರಗಳಿದ್ದು, ಅವುಗಳ ಒಟ್ಟು ಸಾಮರ್ಥ್ಯವು 460 ಮೆಗಾವಾಟ್ ಆಗಿರುತ್ತದೆ. ಹೀಗಿದ್ದರೂ ದೀಪದ ಬುಡದಲ್ಲಿ ಕತ್ತಲೆ ಎಂಬಂತೆ, ಅಲ್ಲಿನ ತೋಟಗಳಿಗೆ ಬೇಕಾದಾಗಲೆಲ್ಲಾ ಮೂರು ಫೇಸಿನ ವಿದ್ಯುತ್ತು ದೊರೆಯುವುದಿಲ್ಲ. ಇದಕ್ಕೆ ಕಾರಣವು ಸುಲಭವಾಗಿ ತಿಳಿಯತಕ್ಕದ್ದೇ. ಆಗಾರದಲ್ಲಿ ಹುಟ್ಟಿದ ಶಕ್ತಿಯು ಉಚ್ಚ ಒತ್ತಡದ ತಂತಿಗಳ ಮೂಲಕ ರಾಜ್ಯದ ಜಾಲವನ್ನು ಸೇರಿ, ಅಲ್ಲಿಂದ ಉಪಕೇಂದ್ರಗಳಿಗೆ ಇಳಿದು, ಕಾಡಿನ ನಡುವಣ 11,000 ವೋಲ್ಟಿನ ತಂತಿಗಳಲ್ಲಿ ಊರಿಗೆ ಹಿಂದಿರುಗಿ ಬರುತ್ತದೆ. ಮೂರು ಫೇಸನ್ನು ಬೇಸಾಯಕ್ಕೆ ಗೊತ್ತಾದ ಕೆಲವು ಗಂಟೆಗಳು ಮಾತ್ರ ಕೊಟ್ಟು, ಉಳಿದ ಹೊತ್ತು ದೀಪಕ್ಕೆ ಸಾಲುವಷ್ಟು ಒಂದು ಫೇಸನ್ನು ಬಿಡುವ ಪದ್ಧತಿಯು ಅನೇಕ ಕಡೆಗಳಲ್ಲಿ ಉಂಟು. ಒಂಟಿ ಮನೆಗಳಿಗೆ ಮೊದಲಿನಿಂದಲೂ ಒಂದೇ ಫೇಸಿನ ತಂತಿಯನ್ನು ಎಳೆದಿರುವುದೂ ಉಂಟು.

ಮಳೆಗಾಲದಲ್ಲಿ ನೀರು ಹೆಚ್ಚಾಗಿ ಕಷ್ಟಪಡುವ ಈ ಸೀಮೆಯಲ್ಲೇ ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ನೀರುಣಿಸದೆ ವಿಧಿಯಿಲ್ಲ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಯಂತ್ರವು ನಿಂತರೆ ಕಾಯಿ ಕೆಡುವುದು. ಇಂಥ ಅವಸರದಲ್ಲಿ ಕೆಲವರು ಮೂರು ಫೇಸಿನ ಮೋಟಾರಿಗೆ ಒಂದು ಕಂಡೆನ್ಸರನ್ನು ಬಿಗಿದು ಒಂದೇ ಫೇಸಿನಲ್ಲಿ ನಡೆಸಲು ಹೋಗಿ ಮೋಟಾರನ್ನು ಸುಟ್ಟುಕೊಳ್ಳುವರು. ಕೆಲವೊಮ್ಮೆ ಊರಿನ ಟ್ರಾನ್ಸ್‌ಫಾರ್ಮರೂ ಸುಡುವುದು. ಈ ಕೆಲಸಕ್ಕೆ ತಕ್ಕ ಸಾಧನವೊಂದಿದೆ. ಅದೇ ತಿರುಗುವ ಫೇಸ್ ಕನ್ವರ್ಟರು. ಅದು ಎಲ್ಲಿ ಸಲ್ಲುವುದು, ಎಲ್ಲಿ ಸಲ್ಲದು, ಅದನ್ನು ಹೇಗೆ ಜೋಡಿಸಿ ಹೇಗೆ ಪರೀಕ್ಷಿಸಬೇಕು ಎಂಬುದನ್ನು ಗ್ರಾಮದ ಯಜಮಾನರೂ ಭೂಮಾಲಿಕರೂ ತಿಳಿದಿರುವುದು ಅವಶ್ಯಕ.

ಮೂರು ಫೇಸಿನ ಗುಣ

ನಮ್ಮ ನಾಡಿನಲ್ಲಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿದಂದಿನಿಂದಲೂ ದೊಡ್ಡ ಯಂತ್ರಗಳಿಗೆ ಮೂರು ಫೇಸನ್ನೇ ಬಳಸುತ್ತ ಬಂದಿದ್ದಾರೆ. ಇದರ ಗುಣವನ್ನು ಬೀಸುವ ಕಲ್ಲಿನಿಂದ ತಿಳಿಯಬಹುದು. ಒಬ್ಬನು ಕಲ್ಲಿನ ಗೂಟವನ್ನು ಬರಿದೇ ಹಿಂದಕ್ಕೂ ಮುಂದಕ್ಕೂ ನೂಕಿದರೆ ಕಲ್ಲು ಅಲುಗಾಡುವುದೇ ಹೊರತು ತಿರುಗದು. ಮೂವರು ಸುತ್ತಲೂ ಕುಳಿತು ಸರದಿಯಂತೆ ನೂಕಿದರೆ ಕಲ್ಲು ಒಂದೇ ದಿಕ್ಕಿಗೆ ಸರಾಗವಾಗಿ ತಿರುಗುವುದು. ಮೂರು ತಂತಿಗಳ ವಿದ್ಯುತ್ತೂ ಹೀಗೆಯೇ ಸರದಿಯಂತೆ, ಸೆಕೆಂಡಿಗೆ 50 ಆವರ್ತಿ, ಮೋಟಾರಿನ ಸುರುಳಿಗಳಲ್ಲಿ ಏರಿಳಿಯುತ್ತದೆ. ಒಂದು ಫೇಸು ಮಾತ್ರ ಇದ್ದಾಗ ಮೋಟಾರು ಗುಂಯ್‌ಗುಟ್ಟುತ್ತ ನಿಲ್ಲುವುದು. ಪೂರ್ಣ ಹೊರೆಯ ಐದಾರು ಪಟ್ಟು ಕರೆಂಟನ್ನು ಎಳೆದು, ಸ್ವಲ್ಪ ಹೊತ್ತಿನಲ್ಲಿಯೇ ಸುಟ್ಟುಹೋಗುವುದು.

ಆದರೆ ಒಮ್ಮೆ ವೇಗವಾಗಿ ತಿರುಗತೊಡಗಿದ ಕಲ್ಲನ್ನು ಒಬ್ಬನೇ ಸಮಯ ನೋಡಿ ನೂಕುತ್ತ ತಿರುಗಿಸಬಹುದಷ್ಟೆ. ಮೋಟಾರೂ ಹಾಗೆಯೇ. ಒಂದು ಫೇಸಿನ ಮೇಲೆ ಅದನ್ನು ಹೇಗಾದರೂ ವೇಗಕ್ಕೆ ತಂದರೆ ಅದು ತಿರುಗುತ್ತಲೇ ಇರುವುದು. ಇದಲ್ಲದೆ ಹಾಗೆ ತಿರುಗುವಾಗ, ಯಾವ ತಂತಿಯನ್ನೂ ಕಟ್ಟದೆ ಬಿಟ್ಟ ಅದರ ಮೂರನೆಯ ತುದಿಯಲ್ಲಿ, ಸರಿಯಾದ ಸರದಿಯುಳ್ಳ ವೋಲ್ಟೇಜು ತಾನಾಗಿ ಹುಟ್ಟುವುದು. ಈ ಮೂರನೆಯ ತುದಿಯಿಂದ ಒಂದು ತಂತಿಯನ್ನು ತೆಗೆದು, ಮೂಲದ ಎರಡು ತಂತಿಗಳೊಡನೆ ಸೇರಿಸಿದರೆ, ಮತ್ತೊಂದು ಮೋಟಾರನ್ನು ನಡೆಸಲು ಮೂರು ಫೇಸು ಸಿದ್ಧವಾಯಿತು. ಬರಿದೇ ತಿರುಗುವ ಈ ಮೊದಲನೆಯ ಮೋಟಾರಿಗೆ ಮೆಕ್ಯಾನಿಕರು ಐಡ್ಲರ್ ಎನ್ನುವರು. ನಾವು ಇಲ್ಲಿ ಸಹಾಯಕ ಮೋಟಾರೆಂದು ಕರೆಯುವೆವು.

ಇದು ಹೊಸ ಉಪಾಯವೇನೂ ಅಲ್ಲ. ರೈಲು ಮಾರ್ಗದ ಮೇಲೆ 25,000 ವೋಲ್ಟಿನ ಒಂದೇ ತಂತಿಯಿರುವುದಷ್ಟೆ. ಭಾರತದ ರೈಲ್ವೆಯ ಡಬ್ಲ್ಯುಎಎಂ-4, ಡಬ್ಲ್ಯುಎಜಿ-5 ಮೊದಲಾದ ಎಂಜಿನುಗಳಲ್ಲಿ ಗಾಳಿಯೂದುವ ಮತ್ತು ಗಾಳಿಯನ್ನು ಒತ್ತುವ ಮೂರು ಫೇಸಿನ ಮೋಟಾರುಗಳಿಗೆ ಬೇಕಾದ ವಿದ್ಯುತ್ತನ್ನು ಇದೇ ಬಗೆಯ ತಿರುಗುವ ಯಂತ್ರವು ಒದಗಿಸುತ್ತಿತ್ತು. ಅದಕ್ಕೆ ಆರ್ನೋ ಕನ್ವರ್ಟರು ಎಂದು ಹೆಸರು. ಒಂದು ಮಾತನ್ನು ಮಾತ್ರ ಮನಸ್ಸಿನಲ್ಲಿಡತಕ್ಕದ್ದು. ಕನ್ವರ್ಟರು ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಮೂರು ತಂತಿಗಳು ಹೊರಬೇಕಾದ ಭಾರವೆಲ್ಲವೂ, ಸಹಾಯಕ ಮೋಟಾರಿನ ಸ್ವಂತ ಖರ್ಚಿನೊಡನೆ, ಎರಡೇ ತಂತಿಗಳ ಮೇಲೆ ಬೀಳುವುದು.

ಎಂಥ ವಿದ್ಯುತ್ತಿನ ಮೇಲೆ ಇದು ಸಲ್ಲುವುದು

ಮನೆಗೆ ಬರುವ ಒಂದು ಫೇಸಿನಲ್ಲಿ ಫೇಸ್ ತಂತಿಗೂ ನ್ಯೂಟ್ರಲ್ ತಂತಿಗೂ ನಡುವೆ ಸುಮಾರು 240 ವೋಲ್ಟು. ಮೂರು ಫೇಸಿನ ಎರಡು ತಂತಿಗಳ ನಡುವೆ 415 ವೋಲ್ಟು. ಸಾಮಾನ್ಯವಾಗಿ 2 ಅಶ್ವಶಕ್ತಿಯವರೆಗಿನ ಮೋಟಾರುಗಳನ್ನು 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿಯೂ, 3 ಅಶ್ವಶಕ್ತಿ ಮತ್ತು ಅದರ ಮೇಲಿನವನ್ನು ಡೆಲ್ಟಾ ಜೋಡಣೆಯಲ್ಲಿಯೂ ತಯಾರಿಸುವರು. ಸ್ಟಾರ್ ಜೋಡಣೆಯ ಮೋಟಾರಿನ ಒಂದೊಂದು ಸುರುಳಿಗೂ ಬೀಳುವುದು 240 ವೋಲ್ಟೇ. ಆದುದರಿಂದ ಅಂಥ ಸಣ್ಣ ಮೋಟಾರಿನ ಆರು ತುದಿಗಳೂ ಪೆಟ್ಟಿಗೆಯಲ್ಲಿ ಹೊರಗೆ ಬಂದಿದ್ದರೆ, ಅದನ್ನು ಡೆಲ್ಟಾಕ್ಕೆ ಬದಲಿಸಿ ಮನೆಯ 240 ವೋಲ್ಟಿನ ಮೇಲೆ ಪೂರ್ಣ ಬಲದಿಂದ ನಡೆಸಬಹುದು. 3 ಅಥವಾ 5 ಅಶ್ವಶಕ್ತಿಯ ಡೆಲ್ಟಾ ಪಂಪನ್ನು 240 ವೋಲ್ಟಿನ ಮೇಲೆ ನಡೆಸಲು ಪ್ರಯತ್ನಿಸುವುದು ವ್ಯರ್ಥ.

ಇನ್ನು ಉಪಕೇಂದ್ರದಲ್ಲಿ 11,000 ವೋಲ್ಟಿನ ಮೂರು ತಂತಿಗಳಲ್ಲಿ ಒಂದನ್ನು ಬಿಡಿಸಿದಾಗ ಊರಿನ ಟ್ರಾನ್ಸ್‌ಫಾರ್ಮರಿನಲ್ಲಿ ನಡೆಯುವುದನ್ನು ನೋಡೋಣ. ಆಗ ಊರಿನ ಮೂರು ಫೇಸುಗಳ ಪೈಕಿ ಒಂದರಲ್ಲಿ 240 ವೋಲ್ಟು ಉಳಿಯುವುದು. ಉಳಿದೆರಡರಲ್ಲಿ ಸುಮಾರು 120 ವೋಲ್ಟು, ಅದೂ ವಿರುದ್ಧ ದಿಕ್ಕಿನಲ್ಲಿ. ಪೂರ್ಣ ಫೇಸಿಗೂ ಅರ್ಧ ಫೇಸಿಗೂ ನಡುವೆ ಅಳೆದರೆ 240ಕ್ಕೆ 120 ಕೂಡಿ 360 ವೋಲ್ಟು ಕಾಣುವುದು. ಎರಡು ಅರ್ಧ ಫೇಸುಗಳ ನಡುವೆ ಏನೂ ಇರದು. ಈ 360 ವೋಲ್ಟನ್ನು ಕಂಡೇ ಜನರು ಪಂಪನ್ನು ಕಟ್ಟಲು ಮನಸೋಲುವರು. ಹೊರೆ ಬಿದ್ದೊಡನೆ ಅರ್ಧ ಫೇಸಿನ ವೋಲ್ಟೇಜು ಕುಸಿಯುವುದರಿಂದ ಪಂಪೂ ಬಳಲುವುದು, ಆ ಫೇಸಿನ ಮನೆಗಳ ದೀಪವೂ ಮಂಕಾಗುವುದು. ಇಂಥ ಹೊತ್ತಿನಲ್ಲಿ ಯಾವ ಕನ್ವರ್ಟರನ್ನೂ ನಡೆಸಕೂಡದು. ಸ್ಥಿರವಾದ ವೋಲ್ಟೇಜುಳ್ಳ, ವಿದ್ಯುತ್ ಸರಬರಾಜು ಕಂಪನಿಯವರು ಲಿಖಿತವಾಗಿ ಒಪ್ಪಿ ಮಂಜೂರು ಮಾಡಿದ ಒಂದು ಫೇಸಿನ ಸಂಪರ್ಕದ ಮೇಲೆ ಮಾತ್ರ ಇದು ಸಲ್ಲುವುದು.

ಮೇಲ್ಕಂಡ ಕಾರಣಗಳಿಂದ ಮಲೆನಾಡಿನ ಮನೆಯಲ್ಲಿ ಈ ಸಾಧನಕ್ಕೆ ಯೋಗ್ಯವಾದ ಕೆಲಸವೆಂದರೆ ಅಡಿಕೆ ಸುಲಿಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ಸಣ್ಣ ಪಂಪು ಮುಂತಾದ 1 ಅಶ್ವಶಕ್ತಿಯ ಆಸುಪಾಸಿನ ಮೋಟಾರುಗಳು. ಮುಂದೆ ಹೇಳುವ ಅಂಕಗಳೆಲ್ಲಾ 1 ಅಶ್ವಶಕ್ತಿಯ ಯಂತ್ರವನ್ನು 240 ವೋಲ್ಟಿನ ಮೇಲೆ ನಡೆಸುವುದಕ್ಕೆ ಸಂಬಂಧಿಸಿದವು.

ಸಹಾಯಕ ಮೋಟಾರಿನ ಆಯ್ಕೆ

ಸಹಾಯಕ ಮೋಟಾರು ಕೆಲಸದ ಮೋಟಾರಿಗಿಂತ ಒಂದೂವರೆ ಪಟ್ಟಾದರೂ ದೊಡ್ಡದಿರಬೇಕು. ಹೊರೆಯೊಡನೆಯೇ ಹೊರಡಬೇಕಾದ ಯಂತ್ರವಾದರೆ ಎರಡು ಪಟ್ಟು ಇರುವುದು ಲೇಸು. ಆದುದರಿಂದ 1 ಅಶ್ವಶಕ್ತಿಯ ಯಂತ್ರಕ್ಕೆ 2 ಅಶ್ವಶಕ್ತಿಯ ಸಹಾಯಕವು ತಕ್ಕದ್ದು. ಹಳೆಯ ಮೋಟಾರಾದರೂ ಆಗಬಹುದು. ಸುರುಳಿಗಳು ಚೆನ್ನಾಗಿರಬೇಕು, ಬೇರಿಂಗುಗಳು ಸಡಿಲವಾಗಿರಬಾರದು. ಕೊಳವೆ ಬಾವಿಯ ಮುಳುಗು ಮೋಟಾರು ಈ ಕೆಲಸಕ್ಕೆ ಬಾರದು. ಸಹಾಯಕದ ದಂಡಕ್ಕೆ ಪಟ್ಟಿಯನ್ನಾಗಲಿ ಬೇರಾವ ಕೆಲಸವನ್ನಾಗಲಿ ಹಚ್ಚದೆ, ಮಕ್ಕಳ ಕೈ ಸಿಕ್ಕದಂತೆ ತಗಡಿನ ಮುಚ್ಚಳವನ್ನು ಹೊದಿಸತಕ್ಕದ್ದು.

ಮಳೆಗಾಲವಿಡೀ ಸುಮ್ಮನಿದ್ದ ಮೋಟಾರು ತೇವವನ್ನು ಹೀರಿರುವುದು. ಅದನ್ನು ಹೊರತೆಗೆದ ಕೂಡಲೇ ವಿದ್ಯುತ್ತು ಕೊಡದೆ, 500 ವೋಲ್ಟಿನ ಮೆಗ್ಗರಿನಿಂದ ಸುರುಳಿಗೂ ಮೈಗೂ ನಡುವೆ ಪರೀಕ್ಷಿಸಬೇಕು. ಒಂದು ಮೆಗ್‌ಓಮಿಗಿಂತ ಕಡಿಮೆಯಿದ್ದರೆ ಬೆಚ್ಚನೆಯ ಗಾಳಿಯಲ್ಲಿ ಒಣಗಿಸಿ ಮತ್ತೆ ನೋಡಬೇಕು. ಮೂರು ಸುರುಳಿಗಳ ರೋಧವೂ ಸಮನಾಗಿರಬೇಕು. ಒಂದು ಮಾತ್ರ ಬೇರೆಯಾಗಿದ್ದರೆ ಅದರಲ್ಲಿ ದೋಷವುಂಟೆಂದು ತಿಳಿಯತಕ್ಕದ್ದು.

ಜೋಡಣೆ

ಕೆಲಸವನ್ನು ಲೈಸೆನ್ಸುಳ್ಳ ವೈರಿಂಗಿನವರಿಂದಲೇ ಮಾಡಿಸಬೇಕು. ಆದರೂ ಯಜಮಾನರು ಎದುರಿಗೆ ನಿಂತು ಈ ಕೆಳಗಿನ ಅಂಶಗಳನ್ನು ನೋಡಿಕೊಳ್ಳುವುದು ಒಳ್ಳೆಯದು.

1. ಎರಡು ಮೋಟಾರುಗಳ ಪೆಟ್ಟಿಗೆಯಲ್ಲಿಯೂ ಸ್ಟಾರ್ ಪಟ್ಟಿಗಳನ್ನು ತೆಗೆದು ಡೆಲ್ಟಾಕ್ಕೆ ಬದಲಿಸುವುದು. ಯು1ನ್ನು ಡಬ್ಲ್ಯು2ಕ್ಕೂ, ವಿ1ನ್ನು ಯು2ಕ್ಕೂ, ಡಬ್ಲ್ಯು1ನ್ನು ವಿ2ಕ್ಕೂ ಸೇರಿಸಿದರೆ ಡೆಲ್ಟಾ ಆಗುವುದು.

2. ಫೇಸ್ ತಂತಿಯನ್ನೂ ನ್ಯೂಟ್ರಲನ್ನೂ ಎರಡು ಧ್ರುವದ ಎಂಸಿಬಿ ಮತ್ತು ಕಾಂಟಾಕ್ಟರಿನ ಮೂಲಕ ಸಹಾಯಕ ಮೋಟಾರಿನ ಯು1, ವಿ1ಗಳಿಗೆ ಕೊಡುವುದು. ಡಬ್ಲ್ಯು1ರಿಂದ ಹೊರಡುವುದೇ ಮೂರನೆಯ ತಂತಿ. ಇದಕ್ಕೆ ಬೇರೆ ಬಣ್ಣದ ತಂತಿಯನ್ನು ಹಾಕಿ ಗುರುತಿಡುವುದು. 2.5 ಚದರ ಮಿಲಿಮೀಟರಿಗಿಂತ ತೆಳುವಾದ ತಾಮ್ರದ ತಂತಿಯನ್ನು ಬಳಸಕೂಡದು.

3. ಹೊರಡಿಸುವುದಕ್ಕಾಗಿ ಫೇಸ್ ತಂತಿಗೂ ಮೂರನೆಯ ತಂತಿಗೂ ನಡುವೆ ಸುಮಾರು 150 ಮೈಕ್ರೋಫ್ಯಾರಡಿನ ಸ್ಟಾರ್ಟಿಂಗ್ ಕಂಡೆನ್ಸರನ್ನು, ಒತ್ತಿದಷ್ಟು ಹೊತ್ತು ಮಾತ್ರ ಸೇರುವ ದೃಢವಾದ ಗುಂಡಿಯ ಮೂಲಕ ಕಟ್ಟುವುದು. ಈ ಬಗೆಯ ಕಂಡೆನ್ಸರು ಎರಡು ಮೂರು ಸೆಕೆಂಡಿಗೆ ಮಾತ್ರ ಯೋಗ್ಯವಾದುದು. ಹೆಚ್ಚು ಹೊತ್ತು ಸೇರಿದ್ದರೆ ಸಿಡಿಯುವುದು.

4. ಸದಾ ಸೇರಿರಲು 440 ವೋಲ್ಟಿನ ರನ್ನಿಂಗ್ ಕಂಡೆನ್ಸರುಗಳನ್ನು, ಮೂರನೆಯ ತಂತಿಗೂ ಮೂಲದ ಒಂದೊಂದು ತಂತಿಗೂ ನಡುವೆ, ಮೊದಲು 20ರಿಂದ 30 ಮೈಕ್ರೋಫ್ಯಾರಡಿನಷ್ಟು ಹಾಕುವುದು. ಸರಿಯಾದ ಅಳತೆಯನ್ನು ಮೀಟರೇ ನಿರ್ಧರಿಸಬೇಕು. ಎರಡು ಕಡೆಯ ಅಳತೆಯೂ ಸಮನಾಗಿರಲೇಬೇಕೆಂಬ ನಿಯಮವಿಲ್ಲ. ಪ್ರತಿಯೊಂದು ಕಂಡೆನ್ಸರಿಗೂ ವಿದ್ಯುತ್ತನ್ನು ಬಸಿದುಹಾಕುವ ರೋಧಕವನ್ನು ಅಡ್ಡಲಾಗಿ ಕಟ್ಟಿರಬೇಕು. ಇಲ್ಲದಿದ್ದರೆ ಸ್ವಿಚ್ಚನ್ನು ಆರಿಸಿದ ಮೇಲೂ ಅದು ಮುಟ್ಟಿದವನ ಪ್ರಾಣಕ್ಕೆ ಅಪಾಯ ತರುವುದು.

5. ಕೆಲಸದ ಮೋಟಾರಿಗೆ ತನ್ನದೇ ಆದ ಸ್ಟಾರ್ಟರು ಇರಬೇಕು. ಅದರ ಕಾಂಟಾಕ್ಟರಿನ ಕಾಯಿಲನ್ನು ಮೂಲದ ಎರಡು ತಂತಿಗಳ ವೋಲ್ಟೇಜಿಗೆ ಒಪ್ಪುವಂಥದನ್ನು ಹಾಕಿ, ಆ ತಂತಿಗಳಿಗೇ ಸೇರಿಸತಕ್ಕದ್ದು. ಮೂರನೆಯ ತಂತಿಗೆ ಎಂದಿಗೂ ಸೇರಿಸಕೂಡದು. ಓವರ್‌ಲೋಡ್ ರಿಲೇಯನ್ನು ಹೊಸದಾಗಿ ಗೊತ್ತುಮಾಡಬೇಕು. ಫಲಕದ ಮೇಲೆ ಸ್ಟಾರ್ ಜೋಡಣೆಗೆ 1.8 ಆಂಪಿಯರ್ ಎಂದಿದ್ದರೆ, ಡೆಲ್ಟಾದಲ್ಲಿ ಅದು 1.73 ಪಟ್ಟಾಗಿ ಸುಮಾರು 3.1 ಆಂಪಿಯರ್ ಆಗುವುದು.

6. ಎರಡು ಮೋಟಾರುಗಳ ಮೈಗೂ ಪ್ರತ್ಯೇಕವಾಗಿ ಅರ್ತಿಂಗ್ ಮಾಡತಕ್ಕದ್ದು. ನ್ಯೂಟ್ರಲನ್ನು ಮೈಗೆ ಕಟ್ಟುವುದು ಪ್ರಾಣಘಾತಕವಾದ ಅಭ್ಯಾಸ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನು ಮೂಲದಲ್ಲಿ ಹಾಕಿಸುವುದು.

7. ವಿದ್ಯುತ್ತು ಬಂದೊಡನೆ ತಾನಾಗಿ ಹೊರಡಿಸುವ ಆಟೋ ಸ್ವಿಚ್ಚು ನಮ್ಮ ಪಂಪುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಕನ್ವರ್ಟರಿರುವಲ್ಲಿ ಅದನ್ನು ಕಿತ್ತುಹಾಕಲೇಬೇಕು. ವಿದ್ಯುತ್ತು ಹೋಗಿ ಬಂದಾಗ ಸಹಾಯಕ ಮೋಟಾರು ನಿಂತಿರುವುದರಿಂದ ಎರಡು ಮೋಟಾರುಗಳೂ ಒಂದು ಫೇಸಿನ ಮೇಲೆ ಗುಂಯ್‌ಗುಟ್ಟುತ್ತ ಸುಡುವುವು.

ನಡೆಸುವ ಕ್ರಮ

ಮೊದಲು ಕಂಡೆನ್ಸರಿನ ಗುಂಡಿಯನ್ನು ಒತ್ತಿ ಸಹಾಯಕ ಮೋಟಾರನ್ನು ಒಂಟಿಯಾಗಿ ಹೊರಡಿಸಬೇಕು. ಅದು ಪೂರ್ಣ ವೇಗಕ್ಕೆ ಬಂದು ಶಬ್ದವು ಸಮನಾದ ಮೇಲೆ ಕೆಲಸದ ಮೋಟಾರನ್ನು ಸೇರಿಸಬೇಕು. ನಿಲ್ಲಿಸುವಾಗ ಮೊದಲು ಕೆಲಸದ ಮೋಟಾರು, ಆಮೇಲೆ ಸಹಾಯಕ. ಗುಂಡಿಯನ್ನು ಒತ್ತಿದ ಮೂರು ಸೆಕೆಂಡಿನೊಳಗೆ ಸಹಾಯಕವು ತಿರುಗದಿದ್ದರೆ ಕೂಡಲೇ ಸ್ವಿಚ್ಚನ್ನು ಆರಿಸಿ ಕಾರಣವನ್ನು ಹುಡುಕಬೇಕು. ಮತ್ತೆ ಮತ್ತೆ ಒತ್ತಿ ನೋಡಕೂಡದು.

ಯಂತ್ರವು ಹಿಂದುಮುಂದಾಗಿ ತಿರುಗಿದರೆ ಕೆಲಸದ ಮೋಟಾರಿನ ಯಾವುದಾದರೂ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು. ಸ್ಟಾರ್ಟಿಂಗ್ ಕಂಡೆನ್ಸರನ್ನು ಫೇಸಿನಿಂದ ನ್ಯೂಟ್ರಲಿನ ಕಡೆಗೆ ಬದಲಿಸಿದರೆ ಸಹಾಯಕದ ದಿಕ್ಕು ತಿರುಗಿ, ಅದರೊಡನೆ ಯಂತ್ರದ ದಿಕ್ಕೂ ತಿರುಗುವುದು. ಆದುದರಿಂದ ಒಮ್ಮೆ ಗೊತ್ತುಮಾಡಿದ ಸ್ಥಳದಿಂದ ಅದನ್ನು ಕದಲಿಸಬಾರದು.

ಅಳತೆಯೇ ಪ್ರಮಾಣ

ಈ ಲೇಖನದಲ್ಲಿ ಮುಖ್ಯವಾದುದು ಈ ಭಾಗ. ಯಂತ್ರವು ತಿರುಗಿತೆಂದು ಸಂತೋಷಪಟ್ಟು ಹೊರಟುಹೋಗಬಾರದು. ಮೂರನೆಯ ತಂತಿಯು ಕೃತಕವಾದುದು. ಅದರ ವೋಲ್ಟೇಜು ಹೊರೆಯನ್ನನುಸರಿಸಿ ಏರಿಳಿಯುವುದು. ಆದುದರಿಂದ ಯಂತ್ರಕ್ಕೆ ಅಡಿಕೆಯನ್ನು ಸುರಿದು, ಪೂರ್ಣ ಹೊರೆಯಿರುವಾಗಲೇ ಮೂರು ಜೋಡಿ ತಂತಿಗಳ ನಡುವೆ ವೋಲ್ಟೇಜನ್ನು ಅಳೆಯಬೇಕು.

ಉದಾಹರಣೆಗೆ 226, 220, 214 ವೋಲ್ಟು ಬಂದವೆನ್ನೋಣ. ಇವುಗಳ ಸರಾಸರಿ 220. ಸರಾಸರಿಯಿಂದ ಅತಿ ಹೆಚ್ಚಿನ ವ್ಯತ್ಯಾಸ 6. ಇದು ನೂರಕ್ಕೆ 2.7ರಷ್ಟು. ಹೀಗಿದ್ದರೆ ನಡೆಸಬಹುದು. ಇದಕ್ಕೆ ಬದಲಾಗಿ 226, 205, 190 ಬಂದರೆ ಸರಾಸರಿ 207, ವ್ಯತ್ಯಾಸ 19; ಇದು ನೂರಕ್ಕೆ 9ಕ್ಕೂ ಮೀರಿತು. ನೂರಕ್ಕೆ 5ನ್ನು ಮೀರಿದರೆ ಮೋಟಾರನ್ನು ನಡೆಸಕೂಡದೆಂಬುದು ಬಲ್ಲವರ ನಿಯಮ. ವೋಲ್ಟೇಜಿನಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಕರೆಂಟಿನಲ್ಲಿ ಅದರ ಆರರಿಂದ ಹತ್ತು ಪಟ್ಟು ವ್ಯತ್ಯಾಸವಾಗುವುದೇ ಇದಕ್ಕೆ ಕಾರಣ. ಆ ಮೇಲೆ ಕ್ಲಾಂಪ್ ಮೀಟರಿನಿಂದ ಮೂರು ತಂತಿಗಳ ಕರೆಂಟನ್ನೂ ನೋಡಬೇಕು. ಯಾವೊಂದು ತಂತಿಯಲ್ಲಿಯೂ ಮೇಲೆ ಲೆಕ್ಕ ಹಾಕಿದ ಪೂರ್ಣ ಹೊರೆಯ ಕರೆಂಟು ಮೀರಿರಬಾರದು. ಸುರುಳಿಯ ಬಿಸಿಯು ಮಿತಿಯನ್ನು 10 ಡಿಗ್ರಿ ಸೆಂಟಿಗ್ರೇಡಿನಷ್ಟು ಮೀರಿದರೆ ಅದರ ಹೊದಿಕೆಯ ಆಯುಸ್ಸು ಅರ್ಧವಾಗುವುದೆಂದು ಲೆಕ್ಕ.

ದೋಷಗಳೂ ಪರಿಹಾರಗಳೂ

ಸಹಾಯಕವು ಗುಂಯ್‌ಗುಟ್ಟಿ ತಿರುಗದಿದ್ದರೆ: ಸ್ಟಾರ್ಟಿಂಗ್ ಕಂಡೆನ್ಸರು ಸತ್ತಿರಬಹುದು, ಗುಂಡಿಯು ಸರಿಯಾಗಿ ಸೇರದಿರಬಹುದು, ಬೇರಿಂಗು ಹಿಡಿದಿರಬಹುದು, ಅಥವಾ ಮೂಲದ ವೋಲ್ಟೇಜು ತೀರ ಕಡಿಮೆಯಿರಬಹುದು. ಸ್ವಿಚ್ಚನ್ನು ಆರಿಸಿ ಮೊದಲು ದಂಡವನ್ನು ಕೈಯಿಂದ ತಿರುಗಿಸಿ ನೋಡುವುದು.

ತಿರುಗಿದರೂ ವೇಗಕ್ಕೆ ಬರಲು ತಡವಾದರೆ: ಮೂಲದ ತಂತಿಯು ತೆಳುವಾಗಿದೆಯೇ, ಮನೆಯಿಂದ ದೂರ ಹೆಚ್ಚಾಗಿದೆಯೇ ನೋಡುವುದು.

ಖಾಲಿಯಿರುವಾಗ ಮೂರನೆಯ ತಂತಿಯ ವೋಲ್ಟೇಜು ಕಡಿಮೆಯಿದ್ದರೆ: ರನ್ನಿಂಗ್ ಕಂಡೆನ್ಸರನ್ನು ಹೆಚ್ಚಿಸುವುದು. ಅತಿಯಾಗಿದ್ದರೆ ತಗ್ಗಿಸುವುದು. ಹೊರೆಯಿರುವಾಗ ಮಾತ್ರ ಕುಸಿದರೆ ಸಹಾಯಕವು ಚಿಕ್ಕದೆಂದು ತಿಳಿಯುವುದು.

ಸ್ಟಾರ್ಟರು ಪಟಪಟನೆ ಬಡಿದುಕೊಂಡರೆ: ಕಾಯಿಲು ಮೂರನೆಯ ತಂತಿಗೆ ಸೇರಿರುವುದು, ಮೂಲದ ತಂತಿಗಳಿಗೆ ಬದಲಿಸುವುದು.

ಯಂತ್ರವು ಹೊರಟು ಸ್ವಲ್ಪ ಹೊತ್ತಿಗೆ ರಿಲೇ ಬಿದ್ದರೆ: ರಿಲೇಯನ್ನು ಏರಿಸಿ ಸುಮ್ಮನಾಗಬಾರದು. ಅದು ಮೋಟಾರನ್ನು ಉಳಿಸಿತೆಂದು ಭಾವಿಸಿ ಮೂರು ಕರೆಂಟುಗಳನ್ನೂ ಅಳೆದು, ಹೆಚ್ಚಿರುವ ತಂತಿಯ ಕಾರಣವನ್ನು ಹುಡುಕುವುದು.

ಕಂಡೆನ್ಸರು ಉಬ್ಬಿದರೆ: ಸ್ಟಾರ್ಟಿಂಗ್ ಬಗೆಯದನ್ನು ಸದಾ ಸೇರಿಸಿರಬಹುದು ಅಥವಾ ಅದರ ವೋಲ್ಟೇಜಿನ ಮಿತಿಯು ಕಡಿಮೆಯಿರಬಹುದು.

ಮೈ ಮುಟ್ಟಿದರೆ ಜುಮ್ಮೆಂದರೆ: ಆ ಕ್ಷಣವೇ ನಿಲ್ಲಿಸಿ, ಮೆಗ್ಗರಿನ ಪರೀಕ್ಷೆಯೂ ಅರ್ತಿಂಗಿನ ದುರಸ್ತಿಯೂ ಆಗುವವರೆಗೆ ಮುಟ್ಟಕೂಡದು.

ಊರಿನ ಟ್ರಾನ್ಸ್‌ಫಾರ್ಮರಿನ ವಿಚಾರ

ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣುವ 25 ಕೆವಿಎ ಟ್ರಾನ್ಸ್‌ಫಾರ್ಮರಿನ ಒಂದೊಂದು ಫೇಸೂ ಸುಮಾರು 35 ಆಂಪಿಯರನ್ನು ಹೊರಬಲ್ಲುದು. 5 ಅಶ್ವಶಕ್ತಿಯ ಪಂಪು ಮೂರು ಫೇಸಿನಲ್ಲಿ ಪ್ರತಿ ತಂತಿಯಿಂದ ಸುಮಾರು ಏಳೂವರೆ ಆಂಪಿಯರನ್ನು ಎಳೆಯುವುದು. ಅದನ್ನೇ ಮೇಲೆ ಹೇಳಿದ 360 ವೋಲ್ಟಿನಲ್ಲಿ ಕನ್ವರ್ಟರಿನಿಂದ ನಡೆಸಿದರೆ ಎರಡೇ ತಂತಿಗಳ ಮೇಲೆ ಹದಿನೇಳರಷ್ಟು ಬೀಳುವುದು. ಅಂಥ ಎರಡು ಪಂಪುಗಳು ಸೇರಿದರೆ ಆ ಫೇಸಿನ ಶಕ್ತಿಯೆಲ್ಲವೂ ತೀರಿ, ಮನೆಗಳ ದೀಪಕ್ಕೆ ಏನೂ ಉಳಿಯುವುದಿಲ್ಲ. ಇಬ್ಬರ ಗುಟ್ಟಿನ ಕೆಲಸದಿಂದ ಟ್ರಾನ್ಸ್‌ಫಾರ್ಮರು ಸುಟ್ಟರೆ, ಬದಲಿ ಬರುವವರೆಗೆ ಊರೆಲ್ಲವೂ ಕತ್ತಲೆಯಲ್ಲಿರಬೇಕು. ಕುಡಿಯುವ ನೀರಿನ ಪಂಪೂ ನಿಲ್ಲುವುದು. ಗ್ರಾಮದ ಹಿರಿಯರು ಈ ಲೆಕ್ಕವನ್ನು ಸಭೆಯಲ್ಲಿ ಎಲ್ಲರಿಗೂ ಬಿಡಿಸಿ ಹೇಳುವುದು ಉಚಿತ.

ದೊಡ್ಡ ಪಂಪುಳ್ಳವರಿಗೆ ಬೇರೆ ಮಾರ್ಗಗಳಿವೆ. ಮೂರು ಫೇಸು ಬರುವ ಹೊತ್ತಿನಲ್ಲಿ ತೋಟದ ಮೇಲ್ಭಾಗದ ತೊಟ್ಟಿಗೆ ನೀರನ್ನು ಏರಿಸಿಟ್ಟು, ಬೇಕಾದಾಗ ಇಳಿಜಾರಿನಲ್ಲಿ ಹನಿ ನೀರಾವರಿಗೆ ಬಿಡುವುದು ಗುಡ್ಡದ ಸೀಮೆಗೆ ಅತ್ಯಂತ ಯೋಗ್ಯವಾದುದು. ಸಣ್ಣ ಪಂಪಾದರೆ ಒಂದು ಫೇಸಿನ ಮೋಟಾರನ್ನೇ ಕೊಳ್ಳಬಹುದು. ಒಂದು ಫೇಸನ್ನು ಪಡೆದು ಮೂರು ಫೇಸನ್ನು ಕೊಡುವ ಎಲೆಕ್ಟ್ರಾನಿಕ್ ಡ್ರೈವುಗಳೂ ದೊರೆಯುತ್ತವೆ. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯು ಸೌರ ಪಂಪುಗಳಿಗೆ ಸಹಾಯಧನವನ್ನು ಕೊಡುವ ಉದ್ದೇಶದಿಂದ ಏರ್ಪಟ್ಟುದು. ಈಗಾಗಲೇ ಮೂರು ಫೇಸಿನ ಸಣ್ಣ ಯಂತ್ರವುಳ್ಳವರೂ, ಹಳೆಯ ಮೋಟಾರೊಂದು ಕೊಟ್ಟಿಗೆಯಲ್ಲಿ ಬಿದ್ದಿರುವವರೂ ತಿರುಗುವ ಕನ್ವರ್ಟರಿನಿಂದ ನಿಜವಾದ ಪ್ರಯೋಜನವನ್ನು ಪಡೆಯುವರು.

ಒಟ್ಟಿನಲ್ಲಿ ಹೇಳತಕ್ಕದ್ದೇನೆಂದರೆ, ಅನುಮತಿ, ಅರ್ತಿಂಗ್, ಅಳತೆ ಈ ಮೂರೂ ಇದ್ದಲ್ಲಿ ಈ ಸಾಧನವು ಬಹುಕಾಲ ಬಾಳುವುದು. ಇವುಗಳಲ್ಲಿ ಒಂದು ತಪ್ಪಿದರೂ ನಷ್ಟವು ಒಬ್ಬರ ಮನೆಯಲ್ಲಿ ನಿಲ್ಲದೆ ಊರಿಗೆ ಹಬ್ಬುವುದು. ಕೊಯ್ಲು ಆರಂಭವಾಗುವುದಕ್ಕೆ ಒಂದು ತಿಂಗಳು ಮುಂಚೆಯೇ ಮೋಟಾರುಗಳನ್ನು ಹೊರತೆಗೆದು, ಮೇಲೆ ಹೇಳಿದ ಪರೀಕ್ಷೆಗಳನ್ನು ಮಾಡಿಸಿ, ಅಳತೆಯ ಅಂಕಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಪ್ರತಿಯೊಬ್ಬ ಭೂಮಾಲಿಕರಿಗೂ ಶ್ರೇಯಸ್ಕರವು.